ಗುರುವಪ್ಪನ ತಾಯಿಯ ಬರಿ

ಮುಂದಿನ ಸೀಟಿನ ಹೆಂಗಸಿನ ಮಡಿಲಲ್ಲಿ ಮೇಣದ ಬತ್ತಿಯ ಕಟ್ಟು, ಕಾಗದ ಸುತ್ತಿದ್ದರೂ ತುದಿಗಳು ಹೊರಗೆ ಇಣುಕಿ ಬಿಸಿಲಿಗೆ ಸ್ವಲ್ಪ ಬಾಗಿವೆ, ಇವತ್ತು ಗುರುವಾರ ಅಲ್ಲವೇ, ಬಾಲಯೇಸುವಿನ ಇಗರ್ಜಿಗೆ ಹೋಗುವವರು ವಾಮಂಜೂರಿನಲ್ಲೇ ಬಸ್ಸು ತುಂಬಿಸಿಬಿಡುತ್ತಾರೆ, ನಾನೂ ಅವರೊಟ್ಟಿಗೇ ಬಿಕರ್ನಕಟ್ಟೆಯಲ್ಲಿ ಇಳಿಯುವವಳು, ಆದರೆ ನನ್ನ ಕೈಯಲ್ಲಿ ಬತ್ತಿಯಿಲ್ಲ, ಮೈಮೇಲೆ ಯಶ್ಮಿತಾ ಬಲವಂತದಿಂದ ಉಡಿಸಿದ ಹಸಿರು ಸೀರೆ — ಅಜ್ಜಿ, ಆ ಬೂದಿ ಬಣ್ಣದ್ದು ಬೇಡ ಮಾರಾಯ್ತಿ, ನೀನು ಡೇಟಿಗೆ ಹೋಗುವುದಾ ಸತ್ತವರ ಬೊಜ್ಜದ ಊಟಕ್ಕೆ ಹೋಗುವುದಾ — ಮಗಳ ಮಗಳು ಅವಳು, ಕಾಲೇಜು ಹತ್ತಿರವೆಂದು ನನ್ನ ಮನೆಯಲ್ಲಿ ಇದ್ದಾಳೆ, ಆ ಡೇಟಿನ ಅರ್ಥ ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾಳೆ, ಗೊತ್ತಿದೆ, ನಲವತ್ತೊಂದನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು, ಅಂದಿನಿಂದ ಸಕ್ಕರೆ ಕಟ್ಟಿಕೊಟ್ಟ ಕಾಗದವನ್ನೂ ಓದದೆ ಬಿಸಾಡಿದ್ದಿಲ್ಲ. ಗುರುವಪ್ಪ ಸುರತ್ಕಲ್ಲಿನಿಂದ ಬರಬೇಕು, ಮಗ ಮುಖೇಶನ ಮನೆಯಿಂದ, ನಂತೂರಿನಲ್ಲಿ ಬಸ್ಸು ಬದಲಿಸಿ. ಇದು ಮೂರನೆಯ ಗುರುವಾರ. ಬೊಂಬಾಯಿ ಮುಗಿಸಿ, ಮಸ್ಕತ್ತು ಮುಗಿಸಿ, ಹೆಂಡತಿಯನ್ನು ಕಳೆದುಕೊಂಡು ಊರಿಗೆ ಬಂದವನು ಯಾರ ಯಾರನ್ನೋ ಕೇಳಿ ನನ್ನ ನಂಬರು ಹುಡುಕಿದ, ಮೊದಲ ಎರಡು ಗುರುವಾರ ಹೋಟೆಲಿನಲ್ಲಿ ಕೂತು ಶುಗರಿನ ಮಾತು, ಮೊಣಕಾಲಿನ ಮಾತು, ಸೊಸೆ ಸಾರಿಗೆ ಹುಳಿ ಹಾಕುವುದಿಲ್ಲವೆಂಬ ಮಾತು, ನಲವತ್ತನಾಲ್ಕು ವರ್ಷದ ಹಿಂದಿನದನ್ನು ಇಬ್ಬರೂ ಮುಟ್ಟಲಿಲ್ಲ. ಸೋಮವಾರ ಫೋನು ಬಂತು, ಉಸಿರು ಬಿಡದೆ ಮಾತಾಡಿದ — ದೇಯಿ, ನನ್ನ ಬರಿ ಕೋಟ್ಯಾನ್ ಅಲ್ಲ ಮಾರಾಯ್ತಿ, ಅಂಚನ್, ನನ್ನ ಅಮ್ಮ ಅಂಚನ್, ಮುಖೇಶ ಹಠ ಹಿಡಿದು ಅಮ್ಮನ ಊರಿಗೆ ಕರೆದುಕೊಂಡು ಹೋದ, ಕಾರ್ಕಳದಿಂದ ಇನ್ನೂ ಆಚೆ ಉಂಟು, ಅಲ್ಲಿ ಒಂದು ಮುದುಕಿ ನನ್ನ ಕಿವಿ ಹಿಡಿದು ಹೇಳಿತು, ನಮ್ಮ ಮದುವೆಗೆ ಯಾವ ಅಡ್ಡಿಯೂ ಇರಲಿಲ್ಲ ದೇಯಿ, ಗುರುವಾರ ಬಾ, ತೀರ್ಮಾನ ಮಾಡುವ, ಉಳಿದ ದಿನ ಒಟ್ಟಿಗೆ ಇರುವ. ನಾನು ಹೌದಾ ಅಂದೆ. ಆ ಒಂದು ಹೌದಾ ಸುಳ್ಳು. ಅವನು ಸೋಮವಾರ ತಿಳಿದದ್ದು ನನಗೆ ನಲವತ್ತನಾಲ್ಕು ವರ್ಷದಿಂದ ಗೊತ್ತಿತ್ತು. ಇವತ್ತು ಹೇಳಿದರೆ ಅವನು ಎದ್ದು ಹೋಗಬಹುದು, ಹೇಳದಿದ್ದರೆ ದಿನಾ ಬೆಳಿಗ್ಗೆ ಅವನಿಗೆ ಚಹಾ ಕೊಡುವಾಗಲೂ ಆ ಹೌದಾ ನಮ್ಮ ನಡುವೆ ಕೂತಿರುತ್ತದೆ.

ಕುಡುಪು, ಕುಡುಪು, ಇಳಿಯುವವರು ಬೇಗ ಬೇಗ — ಈ ಕಂಡಕ್ಟರಿಗೆ ಎಷ್ಟು ಅವಸರ, ಗುರುವಪ್ಪನೂ ಕಂಡಕ್ಟರನೇ ಆಗಿದ್ದ, ನಾನು ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿ, ನಾನು ಗದ್ದೆಯ ಬದುವಿನಲ್ಲಿ ಓಡಿಬರುವುದು ಕಂಡರೆ ವಿಸಿಲನ್ನು ಬಾಯಲ್ಲಿ ಕಚ್ಚಿಕೊಂಡು ಊದದೆ ನಿಲ್ಲುತ್ತಿದ್ದ, ಡ್ರೈವರು ಬೈಯುತ್ತಿದ್ದ, ಎಂತ ಗುರುವಾ ವಿಸಿಲು ನುಂಗಿದೆಯಾ, ಬಸ್ಸಿನವರೆಲ್ಲ ನಗುತ್ತಿದ್ದರು, ನನ್ನ ಬೆರಳುಗಳು ಬೀಜದ ಎಣ್ಣೆಗೆ ಕಪ್ಪಾಗಿ ಸಿಪ್ಪೆ ಏಳುತ್ತಿದ್ದವು, ಕೈ ಮುಚ್ಚಿಕೊಂಡು ನಿಲ್ಲುತ್ತಿದ್ದೆ, ಯಾಕೆ ಮುಚ್ಚುವುದು, ದುಡಿಯುವ ಕೈ ಅಲ್ವಾ ಅಂದಿದ್ದ ಒಂದು ಸಲ, ಅಷ್ಟೇ ಅಂದದ್ದು, ಅಷ್ಟು ಸಾಕಾಗಿತ್ತು. ಒಂದು ವರ್ಷ ಕಳೆದ ಮೇಲೆ ತಾನೇ ಹೆಣ್ಣು ಕೇಳಲು ಮನೆಗೆ ಬಂದ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಅಪ್ಪನನ್ನು ಕರೆತರಲಿಲ್ಲ, ಅವನ ಅಪ್ಪ ಹಂಚಿನ ಕಾರ್ಖಾನೆಯ ಒಲೆಯ ಕೆಲಸದವನು, ನಾಲ್ಕು ಜನರ ಎದುರು ಮಾತು ಹೊರಡದವನು, ತಾಯಿ ಇವನನ್ನು ಹೆತ್ತ ವಾರದಲ್ಲೇ ತೀರಿಹೋಗಿದ್ದಳು, ಆಮೇಲೆ ತಾಯಿಯ ಊರಿಗೆ ಇವನು ಹೋದದ್ದೇ ಇರಲಿಲ್ಲ. ಜಗಲಿಯಲ್ಲಿ ದೊಡ್ಡ ಮಾವ, ನನ್ನ ಅಮ್ಮನ ಅಣ್ಣ, ನಮ್ಮಲ್ಲಿ ಮಾವನ ಮಾತೇ ಮಾತು, ಹುಡುಗ ಒಳ್ಳೆಯವನು, ಕೆಲಸ ಉಂಟು, ಎಲ್ಲ ಸರಿ, ಬರಿ ಯಾವುದು ನಿನ್ನದು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ, ಅಪ್ಪನದು ಮಕ್ಕಳಿಗೆ ಬರುವುದಿಲ್ಲ, ಒಂದೇ ಬರಿಯವರು ಯಾವ ಊರಿನಲ್ಲಿ ಹುಟ್ಟಿದ್ದರೂ ಅಣ್ಣ ತಂಗಿ, ಅವರ ನಡುವೆ ಮದುವೆಯ ಮಾತೇ ಏಳುವುದಿಲ್ಲ, ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಆದರೆ ಶಾಲೆಯ ಪುಸ್ತಕಕ್ಕೆ ಗೊತ್ತಿಲ್ಲ, ಅಲ್ಲಿ ಮಕ್ಕಳ ಹೆಸರಿನ ಮುಂದೆ ಅಪ್ಪನ ಬರಿಯನ್ನೇ ಬರೆಯುತ್ತಾರೆ, ನಮ್ಮ ಯಶ್ಮಿತಾಳೂ ಹಾಗೆಯೇ, ಆಧಾರ್ ಕಾರ್ಡಿನಲ್ಲಿ ಬಂಗೇರ, ನಾನು ಹೇಳುತ್ತೇನೆ, ನೀನು ಕೋಟ್ಯಾನ್ ಮಗಾ, ನನ್ನ ಹಾಗೆ, ನಿನ್ನ ಅಮ್ಮನ ಹಾಗೆ, ಅವಳು ನಗುತ್ತಾಳೆ, ಅಜ್ಜಿ ನೀನು ಬಂದು ಕಾಲೇಜಿನಲ್ಲಿ ಹೇಳು. ತಾಯಿಯಿಲ್ಲದೆ ಬೆಳೆದ ಗುರುವಪ್ಪನಿಗೆ ಹೇಳಿಕೊಡುವವರು ಯಾರಿದ್ದರು, ಶಾಲೆಯಲ್ಲಿ ಕರೆದ ಹೆಸರನ್ನೇ ಎದೆ ಎತ್ತಿ ಹೇಳಿದ, ಕೋಟ್ಯಾನ್. ಮಾವ ನಶ್ಯದ ಡಬ್ಬಿ ಮುಚ್ಚಿದರು. ನಾವೂ ಕೋಟ್ಯಾನ್, ಹಾಗಾದರೆ ನೀನು ಇವಳಿಗೆ ಅಣ್ಣ ಅಲ್ವಾ ಮಗಾ, ಅಂದರು, ಸಿಟ್ಟಿಲ್ಲದೆ, ಪ್ರೀತಿಯಿಂದಲೇ ಅಂದರು, ಆಮೇಲೆ ಬಾಗಿಲ ಕಡೆ ತಿರುಗಿ — ದೇಯಿ, ಅಣ್ಣನಿಗೆ ಎಲೆಯ ಹರಿವಾಣ ಕೊಡು. ಕೊಟ್ಟೆ. ಏನು ಮಾಡಲಿ, ಕೊಟ್ಟೆ. ಅವನು ಒಂದು ಎಲೆ ತೆಗೆದುಕೊಂಡ, ಅಡಿಕೆ ತೆಗೆದುಕೊಳ್ಳಲಿಲ್ಲ, ಮರುದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರು, ಗುರುವಪ್ಪ ಬೊಂಬಾಯಿಗೆ ಹೋದನಂತೆ.

ಕುಲಶೇಖರದ ಏರು, ಬಸ್ಸು ಏದುಸಿರು ಬಿಡುತ್ತಿದೆ, ಫ್ಯಾಕ್ಟರಿಯಲ್ಲಿ ನನ್ನ ಪಕ್ಕದಲ್ಲಿ ಕೂತು ಸಿಪ್ಪೆ ತೆಗೆಯುತ್ತಿದ್ದ ರಮ್ಲಾ ಹೀಗೆಯೇ ಉಸಿರು ಬಿಡುತ್ತಿದ್ದಳು, ದಮ್ಮು ಇತ್ತು ಅವಳಿಗೆ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ, ಹುರಿದ ಬೀಜದ ಕೆಂಪು ಸಿಪ್ಪೆಯನ್ನು ಚೂರಿಯ ತುದಿಯಲ್ಲಿ ಎಬ್ಬಿಸಬೇಕು, ಬೀಜ ಎರಡಾಗಬಾರದು, ಅವಸರ ಮಾಡಿದರೆ ತುಂಡು, ತುಂಡಾದರೆ ಮೇಸ್ತ್ರಿಯ ಬೈಗಳು, ನಾನು ಆ ಸೆಕ್ಷನ್ನಿನಲ್ಲೇ ಅತ್ಯಂತ ನಿಧಾನದವಳು, ನನ್ನ ತಟ್ಟೆಯಲ್ಲಿ ತುಂಡು ಇರುತ್ತಿರಲಿಲ್ಲ. ಅವನು ಹೋಗಿ ಮೂರು ತಿಂಗಳಾಗಿರಬೇಕು, ರಮ್ಲಾ ಬೀಜ ನೋಡುತ್ತಲೇ ಹೇಳಿದಳು — ಆ ಕಂಡಕ್ಟರ್ ಗುರುವ ಉಂಟಲ್ಲ, ಅವನ ತಾಯಿ ನಮ್ಮ ಊರಿನವಳು ಗೊತ್ತುಂಟಾ, ಅಂಚನ್ ಮನೆಯವಳು, ನಮ್ಮ ಉಮ್ಮ ಅವಳ ಹೆರಿಗೆಗೆ ಹೋಗಿದ್ದರು, ಪಾಪ ಉಳಿಯಲಿಲ್ಲ. ಹೇಳಿ ಮುಂದಿನ ಬೀಜಕ್ಕೆ ಕೈ ಹಾಕಿದಳು, ತಾನು ಏನು ಹೇಳಿದೆನೆಂದು ಅವಳಿಗೆ ಗೊತ್ತಾಗಲಿಲ್ಲ. ಅವತ್ತು ನನ್ನ ತಟ್ಟೆಯಲ್ಲಿ ತುಂಡೇ ಹೆಚ್ಚು. ನನ್ನ ಮದುವೆಗೆ ಇನ್ನೊಂದು ತಿಂಗಳಿತ್ತು, ಹುಡುಗ ಜಯನ ಮನೆಯವರು ಬಂದು ಮಾತು ಮುಗಿಸಿಯಾಗಿತ್ತು, ಹೇಳಬಹುದಿತ್ತು, ಮಾವನ ಕಾಲ ಬಳಿ ಕೂತು ಹೇಳಿದ್ದರೆ ಮಾವ ಕೇಳುತ್ತಿದ್ದರು, ಬೊಂಬಾಯಿಯ ವಿಳಾಸ ಅವನ ಅಪ್ಪನ ಹತ್ತಿರ ಇತ್ತು, ನನಗೆ ಬರೆಯಲು ಬಾರದಿದ್ದರೂ ಬರೆಸಬಹುದಿತ್ತು. ಬರೆಸಲಿಲ್ಲ. ಒಂದೇ ಒಂದು ಸಿಟ್ಟು — ಮನೆಗೆ ಹೋಗಿ ಅಪ್ಪನ ಹತ್ತಿರ ಅಮ್ಮನ ಬರಿ ಯಾವುದೆಂದು ಕೇಳಿದ್ದರೆ ಮುಗಿಯುತ್ತಿತ್ತು, ಅಷ್ಟನ್ನೂ ಕೇಳದೆ ಬಸ್ಸು ಹತ್ತಿದವನು, ನನಗಾಗಿ ಒಂದು ಪ್ರಶ್ನೆ ಕೇಳಲಾರದವನು. ತಾನಾಗಿ ತಿಳಿದು ಬರಲಿ ಎಂದು ಕಾದೆ, ತಿಂಗಳು ಕಳೆಯಿತು, ಮದುವೆ ಆಯಿತು, ಆಮೇಲೆ ಕಾಯುವುದಕ್ಕೆ ಪುರುಸೊತ್ತೇ ಇರಲಿಲ್ಲ, ಜಯ ಹಾಗೆ ಇಟ್ಟುಕೊಂಡ, ನಗಿಸುತ್ತಲೇ ಇಟ್ಟುಕೊಂಡ, ಮಗಳಿಗೆ ಎಂಟು ವರ್ಷವಾದಾಗ ಒಂದು ದಿನ ಎಲ್ಲ ಹೇಳಿದೆ ಅವನಿಗೆ, ಬಂಗುಡೆ ಮೀನಿನ ಮುಳ್ಳು ತೆಗೆಯುತ್ತಾ ಕೇಳಿದ, ಹಾಗಾದರೆ ಆ ಪುಣ್ಯಾತ್ಮ ತಪ್ಪು ಹೇಳಿದ್ದರಿಂದ ನನಗೆ ದಿನಾ ಈ ಪುಳಿಮುಂಚಿ ಸಿಕ್ಕಿತು, ಇನ್ನೊಂದು ತುಂಡು ಹಾಕು ಅಂದ. ರಾತ್ರಿ ಶಾಲೆಗೆ ಕಳುಹಿಸಿದವನೂ ಅವನೇ, ಸೈಕಲ್ಲಿನಲ್ಲಿ ಬಿಟ್ಟು ಹೊರಗೆ ಕಟ್ಟೆಯಲ್ಲಿ ತೂಕಡಿಸುತ್ತಿದ್ದ. ತೀರಿ ಒಂಬತ್ತು ವರ್ಷ. ಅವನೊಟ್ಟಿಗೆ ಬಾಳಿದ್ದರಲ್ಲಿ ಕಡಿಮೆಯೆಂಬುದಿಲ್ಲ, ತುಂಬಿದ ಹೊಟ್ಟೆಯವಳೇ ನಾನು, ಆದರೂ ಗುರುವಾರ ಬೆಳಿಗ್ಗೆ ಬೇಗ ಎಚ್ಚರಾಗುತ್ತದೆ, ಅದಕ್ಕೇನು ಮಾಡಲಿ.

ಇಳಿದೆ, ಮೇಣದ ಬತ್ತಿಯವರೆಲ್ಲ ಏರು ಹತ್ತಿ ಹೋದರು, ರಸ್ತೆ ದಾಟಿದರೆ ಹೋಟೆಲು, ಅವನು ಆಗಲೇ ಮೂಲೆಯ ಮೇಜಿನಲ್ಲಿ ಇದ್ದಾನೆ, ಗೋಡೆಯ ಕಡೆಗೆ ಎರಡು ಕುರ್ಚಿ, ಎದುರಿಗೆ ಒಂದು, ನಾನು ಗೋಡೆಯ ಕಡೆ ಕೂತೆ, ಅವನು ಎದುರಿಗೆ, ಇದೇನು ಇವನ ಮುಖ ಬೇರೆಯಾಗಿದೆ — ಮೀಸೆಗೆ ಬಣ್ಣ ಹಚ್ಚಿ ಬಂದಿದ್ದೀರಾ ಎಂತ. ನಾನಲ್ಲ ಮಾರಾಯ್ತಿ, ಸೊಸೆ ಹಚ್ಚಿದ್ದು, ಮಾವಾ ಹೀಗೆ ಹೋಗಬೇಡಿ ಅಂತ. ಅವಳಿಗೂ ಗೊತ್ತುಂಟಾ. ಎಲ್ಲರಿಗೂ ಗೊತ್ತುಂಟು, ಮುಖೇಶ ಮೇಲಿನ ಮಾಳಿಗೆಯ ರೂಮಿಗೆ ಸುಣ್ಣ ಹೊಡೆಸುತ್ತೇನೆ ಅಂತಾನೆ, ನಾನು ಹೇಳಿದೆ, ನಿಲ್ಲು ಮಾರಾಯ, ಅವಳ ಬಾಯಿಂದ ಒಂದು ಮಾತು ಬರಲಿ. ಬನ್ಸು ಬಂತು, ಚಟ್ನಿ ಬಂತು, ಕಾಫಿಗೆ ಸಕ್ಕರೆ ಬೇಡವೆಂದು ಎರಡು ಸಲ ಹೇಳಿದ, ಅವನ ಕಣ್ಣು ಈಗಲೂ ಹಾಗೆಯೇ, ವಿಸಿಲು ಕಚ್ಚಿಕೊಂಡವನ ಕಣ್ಣು, ನಿನ್ನ ಮಾವ ಬದುಕಿದ್ದರೆ ಈ ಬಾಯಿಂದಲೇ ಅವರಿಗೆ ಹೇಳುತ್ತಿದ್ದೆ ದೇಯಿ, ನಾನು ಅಂಚನ್ ಅಂತ, ನಾವಿಬ್ಬರೂ ಮೋಸ ಹೋದೆವು, ಯಾರದ್ದೂ ತಪ್ಪಿಲ್ಲ, ಯಾರಿಗೂ ಗೊತ್ತಿರಲಿಲ್ಲ — ಇಲ್ಲಿ ಹೇಳಬೇಕು, ಈಗ ಬಿಟ್ಟರೆ ಇನ್ನು ಹೇಳಲಿಕ್ಕಿಲ್ಲ, ಬನ್ಸಿನ ಮೇಲಿನ ಪದರ ಉಗುರಿಗೆ ಬಿಸಿಯಾಗಿ ತಾಗುತ್ತಿದೆ, ನಿಧಾನ, ನಿಧಾನ, ಆದರೆ ಹೇಳು.

ನನಗೆ ಗೊತ್ತಿತ್ತು, ಅಂದೆ. ಎಂತ ಗೊತ್ತಿತ್ತು. ನೀವು ಅಂಚನ್ ಅಂತ. ನಾನು ಫೋನು ಮಾಡಿ ಹೇಳಿದ್ದಲ್ವಾ. ಅದಲ್ಲ, ನೀವು ಬೊಂಬಾಯಿಗೆ ಹೋಗಿ ಮೂರು ತಿಂಗಳಿಗೆ ಗೊತ್ತಾಯಿತು, ನನ್ನ ಮದುವೆ ಆಗಿರಲಿಲ್ಲ. ಅವನು ನಗುವುದಕ್ಕೆ ಹೊರಟು ಅರ್ಧದಲ್ಲಿ ಬಿಟ್ಟ, ಬಣ್ಣದ ಮೀಸೆ ಒಂದೇ ಆ ನಗೆಯಲ್ಲಿ ಉಳಿಯಿತು. ನಿನಗೆ ಬರೆಯಲು ಬರುತ್ತಿರಲಿಲ್ಲ ಅಲ್ವಾ, ಅಂದ, ನನ್ನ ಪರವಾಗಿ ತಾನೇ ಕಾರಣ ಹುಡುಕುತ್ತಿದ್ದಾನೆ, ಆ ಕಾರಣದ ಹಿಂದೆ ನಿಂತುಬಿಡಬಹುದಿತ್ತು. ಬರೆಸಬಹುದಿತ್ತು, ಅಂದೆ. ಮತ್ತೆ. ಮತ್ತೆ ಎಂತ, ನೀವು ನಿಮ್ಮ ಅಪ್ಪನ ಹತ್ತಿರ ಒಂದು ಮಾತು ಕೇಳಲಿಲ್ಲ, ಅಮ್ಮನ ಬರಿ ಯಾವುದು ಅಂತ, ನನಗಾಗಿ ಅಷ್ಟೂ ಕೇಳಲಿಲ್ಲ, ಅದಕ್ಕೆ ನಾನೂ ಹೇಳಲಿಲ್ಲ. ಮಾತಾಡುವವರ ನಡುವೆ ಹೋಟೆಲಿನ ಹುಡುಗ ಬಂದು ಇನ್ನು ಎಂತಾದರೂ ಬೇಕಾ ಅಂದ, ಬೇಡ ಅಂದೆವು ಇಬ್ಬರೂ ಒಟ್ಟಿಗೆ. ಗುರುವಪ್ಪ ಕಾಫಿಯ ಲೋಟವನ್ನು ಆಚೆ ಸರಿಸಿದ, ಈಚೆ ಸರಿಸಿದ, ಆಮೇಲೆ ಬಹಳ ಸಣ್ಣ ಸ್ವರದಲ್ಲಿ — ಅಣ್ಣನಿಗೆ ಎಲೆ ಕೊಡು ಅಂದರಲ್ಲ ನಿನ್ನ ಮಾವ, ಒಂದು ವರ್ಷ ನಿನ್ನನ್ನು ಯಾವ ಕಣ್ಣಿನಲ್ಲಿ ನೋಡಿದ್ದೆ ಅಂತ ನನಗೆ ಗೊತ್ತಿತ್ತು ದೇಯಿ, ಹೇಸಿಗೆಯಾಯಿತು ನನ್ನ ಮೇಲೆ, ಅಪ್ಪನ ಎದುರು ಆ ಮಾತನ್ನು ಹೇಗೆ ಎತ್ತುವುದು, ಮುಖ ತೋರಿಸಲಿಕ್ಕೇ ಆಗಲಿಲ್ಲ, ಓಡಿದೆ. ನಲವತ್ತನಾಲ್ಕು ವರ್ಷ ಈ ಒಂದು ಕಡೆಯಿಂದ ನೋಡಿರಲೇ ಇಲ್ಲ ನಾನು, ಹೆದರಿ ಓಡಿದ ಅಂದುಕೊಂಡೆ, ಬೇಡವಾಗಿ ಓಡಿದ ಅಂದುಕೊಂಡೆ, ಓದಲು ಕಲಿತು ಎಷ್ಟೆಲ್ಲ ಓದಿದೆ, ಇಪ್ಪತ್ತನಾಲ್ಕರ ಹುಡುಗನ ನಾಚಿಕೆ ಓದಲಿಕ್ಕೆ ಬರಲಿಲ್ಲ. ಹೀಗಿರಬಹುದೆಂದು ನಾನು ನೆನೆಸಲಿಲ್ಲ, ಅಂದೆ. ನಾನು ಕೇಳಬೇಕಿತ್ತು, ಅಂದ. ಹೇಳಿ ಎದ್ದ. ಕೈ ತೊಳೆಯಲು ಹೋದ, ಬನ್ಸನ್ನು ಮುಟ್ಟಿಯೇ ಇಲ್ಲ, ತೊಳೆಯುವುದಕ್ಕೆ ಕೈಗೆ ಏನೂ ತಾಗಿಲ್ಲ, ಬೇಸಿನ್ನಿನ ಹತ್ತಿರ ನನಗೆ ಬೆನ್ನು ಹಾಕಿ ನಿಂತಿದ್ದಾನೆ, ನಲ್ಲಿ ಸುರಿಯುತ್ತಿದೆ, ಅಲ್ಲಿಂದ ಬಾಗಿಲು ಎರಡೇ ಹೆಜ್ಜೆ, ಹೋದರೆ ಹೋಗಲಿ, ನನಗೆ ಮನೆ ಇದೆ, ಯಶ್ಮಿತಾ ಇದ್ದಾಳೆ, ಗಂಟಲಲ್ಲಿ ಆ ಹೌದಾ ಇನ್ನಿಲ್ಲ, ಎದೆ ಹಗುರವಾಗಿದೆ, ಹೋದರೆ ಹೋಗಲಿ ಅನ್ನುತ್ತೇನೆ ಆದರೆ ಕಣ್ಣು ಆ ಬೆನ್ನನ್ನು ಬಿಡುವುದಿಲ್ಲ, ಅಂಗಿಯ ಕಾಲರು ಒಂದು ಕಡೆ ಮಡಚಿದೆ, ಯಾರೂ ಸರಿ ಮಾಡಿಲ್ಲ, ಹಿಂದೆ ನಿಂತವನು ಅಜ್ಜಾ ನೀರು ಬಿಡಿ ಅನ್ನುತ್ತಿದ್ದಾನೆ, ನಲ್ಲಿ ನಿಂತಿತು, ತಿರುಗಿದ, ಬಾಗಿಲ ಕಡೆ ನೋಡಲಿಲ್ಲ, ಎದುರಿನ ಕುರ್ಚಿಯ ಹತ್ತಿರ ಬಂದ, ಅದನ್ನೂ ದಾಟಿದ, ಮೇಜನ್ನು ಸುತ್ತಿ ಈ ಕಡೆ ಬಂದ — ನನ್ನ ಪಕ್ಕದ ಕುರ್ಚಿಯ ಬೆನ್ನಿನ ಮೇಲೆ ಅವನ ಒದ್ದೆ ಕೈ, ಐದು ಬೆರಳು, ಮರದ ಮೇಲೆ ನೀರು ಇಳಿಯುತ್ತಿದೆ, ಸ್ವಲ್ಪ ಆಚೆ ಸರಿ ದೇಯಿ ಅಂದ, ಸರಿದೆ, ಸರಿಯುವಾಗ ಹಸಿರು ಸೀರೆಯ ಸೆರಗು ಎಳೆದುಕೊಂಡೆ, ಏನೋ ಹೇಳಬೇಕು, ಮುಖೇಶನ ಸುಣ್ಣದ ಮಾತು ಹೇಳಬೇಕು, ಯಾವ ಬಣ್ಣ ಅಂತ ಕೇಳಬೇಕು, ಯಶ್ಮಿತಾ ಎಲ್ಲಿರುವುದು ಅಂತ ಕೇಳಬೇಕು, ಕೇಳುತ್ತೇನೆ, ಅವಸರವಿಲ್ಲ, ಆ ಕೈ ಇನ್ನೂ ಕುರ್ಚಿಯನ್ನು ಬಿಟ್ಟಿಲ್ಲ, ಒದ್ದೆ ಕೈ, ಒಂದೊಂದು ಬೆರಳಿನ ಕೆಳಗೆ ಒಂದೊಂದು ಗೆರೆ ನೀರು, ಐದು ಒದ್ದೆ ಬೆರಳು, ನನ್ನ ಪಕ್ಕದ ಕುರ್ಚಿಯ ಮೇಲೆ, ಐದು ಬೆರಳು