ಮಡಚಿದ ಬೆರಳು

ಬೆಳಕು ಹರಿಯುವ ಹೊತ್ತಿಗೆ ಗುರುಸಿದ್ದವ್ವ ಜೋಳದ ಕಣಿಕೆ ಬಣವೆಯ ಹಿಂದೆ ಅಡಗಿ ಕುಳಿತಿದ್ದಳು. ಸಾರವಾಡದ ತನ್ನ ಹೊಲದಲ್ಲಿ ಈ ಸಲ ಒಂದು ಕುಂಬಳವೂ ನಿಂತಿರಲಿಲ್ಲ. ಬಳ್ಳಿ ತುಂಬ ಹೂ, ಹೂವಿನ ಹಿಂದೆ ಗೋಲಿಯಷ್ಟು ಮಿಡಿ. ನಾಲ್ಕು ದಿನಕ್ಕೆ ಅದು ಹಳದಿಯಾಗಿ, ಕೊಳೆತು ಉದುರುತ್ತಿತ್ತು. ಎಳೆ ಮಿಡಿಗೆ ಬೆರಳು ನೆಟ್ಟಗೆ ಚಾಚಿ ತೋರಿಸಿದರೆ ಕೊಳೆಯುತ್ತದೆ, ಮಡಚಿಯೇ ತೋರಿಸಬೇಕು. ಇದು ಊರಿನ ಕೂಸಿಗೂ ಗೊತ್ತು. ಯಾರೋ ಬೇಕಂತಲೇ ಚಾಚಿದ್ದಾರೆ.

ಯಾರು? ಪಕ್ಕದ ಹೊಲದ ಸತ್ಯವ್ವನೇ. ಎರಡು ತಿಂಗಳ ಹಿಂದೆ ಗುರುಸಿದ್ದವ್ವ ಜೆಸಿಬಿ ತರಿಸಿ ಒಡ್ಡಿನ ಮೇಲಿನ ಬಾರಿಕಂಟಿ, ತಂಗಡಿ ಪೊದೆ ಎಲ್ಲ ಕೀಳಿಸುವಾಗ ಅವಳು ಓಡಿ ಬಂದಿದ್ದಳು. "ಅದರಾಗ ಜೇನ ಐತಿ, ಇರ್ಲಿ ಬಿಡ ಬೇ" ಎಂದಿದ್ದಳು. ಕೇಳದಿದ್ದಾಗ ಮುಖ ತಿರುವಿ ಹೋದವಳು ಮತ್ತೆ ಮಾತಾಡಿರಲಿಲ್ಲ. ಕುಡಿಯುವ ನೀರಿಗೆ ಮಾತ್ರ ದಿನಾ ಇವಳ ಬಾವಿಗೇ ಬರುತ್ತಿದ್ದಳು. ಆ ದಾರಿಗೆ ಅಡ್ಡ ಹೊಡೆಯಲು ಮುಳ್ಳುತಂತಿಯ ಸುರುಳಿ ಬಂದು ಬಿದ್ದಿತ್ತು. "ಮದ್ಲ ಕಣ್ಣಾರೆ ನೋಡ್ತೇನಿ, ಆಮ್ಯಾಲ ಹೊಡೀರಿ" ಎಂದು ಗುರುಸಿದ್ದವ್ವನೇ ಗಂಡ ಅಮೋಘಿಯನ್ನು ತಡೆದಿದ್ದಳು.

ಸತ್ಯವ್ವ ಬಂದಳು. ಕೊಡ ಕೆಳಗಿಟ್ಟು ಅತ್ತ ಇತ್ತ ನೋಡಿದಳು. ಒಂದು ಕುಂಬಳದ ಹೂ ಹರಿದು, ಎಸಳು ಕಿತ್ತು, ಉಳಿದ ಕಡ್ಡಿಯನ್ನು ಮತ್ತೊಂದು ಹೂವಿನೊಳಗೆ ಆಡಿಸಿದಳು.

ಗುರುಸಿದ್ದವ್ವ ಬಣವೆಯ ಹಿಂದಿನಿಂದ ಎದ್ದು ಬಂದಳು. "ಸಿಕ್ಕಿ ನೋಡ್ ಸತ್ಯಿ! ನನ್ನ ಬಳ್ಳಿಗಿ ಏನ್ ಮಾಟ ಮಾಡಾಕತ್ತಿ?"

"ಯವ್ವಾ, ಎದಿ ಒಡದ ಸಾಯ್ತಿದ್ನೆಲ್ಲ! ಮಾಟ ಬರೂಹಂಗಿದ್ರ ಮದ್ಲ ನಿನ್ನ ಬಾಯಿ ಕಟ್ಟತಿದ್ನಿ."

"ಮತ್ತ ಹೂ ಯಾಕ ಹರದಿ?"

"ಇದು ಗಂಡು ಹೂ, ಅದು ಹೆಣ್ಣು. ನಡುವ ಓಡ್ಯಾಡಾಕ ಜೇನ ಎಲ್ಲಿ ಅದಾವ ಈಗ? ಕಂಟಿ ಜೋಡಿ ಅವೂ ಹೋದುವು. ಅದಕ್ಕ ನಾನ ಹುಳ ಆಗೇನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕೇಳಾಕೇನು ನೀ? ಇಷ್ಟ ವರ್ಷ ನಿನ್ನ ಬಾವಿ ನೀರ ಕುಡದೇನಿ. ಸುಮ್ಮ ಹೆಂಗ ನೋಡ್ಲಿ?"

"ಸುಳ್ಳ. ಎಲ್ಲಿ, ತೋರ್ಸು."

ಸತ್ಯವ್ವ ಬಳ್ಳಿಯ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು ಎಲೆ ಸರಿಸಿದಳು. ಬಿಸಿಲು ತಾಗದಂತೆ ಹೊದಿಸಿದ ಗೋಣಿತಟ್ಟಿನ ತುಂಡಿನ ಕೆಳಗೆ ಮುಷ್ಟಿಯಷ್ಟು ದಪ್ಪದ, ಹಸಿರಾದ, ಗಟ್ಟಿಯಾದ ಎರಡು ಕುಂಬಳ.

"ಅಲ್ನೋಡು, ಇನ್ನೊಂದು" ಎಂದಳು. ತೋರಿಸುವಾಗ ಅವಳ ಬೆರಳು ಮಡಚಿತ್ತು.

ಗುರುಸಿದ್ದವ್ವ ಕಾಯಿಗಿಂತ ಹೆಚ್ಚು ಹೊತ್ತು ಆ ಬೆರಳನ್ನೇ ನೋಡಿದಳು. ಆಮೇಲೆ ಪಕ್ಕದಲ್ಲಿ ಕುಳಿತು, ಕೇಳದೆಯೇ ಅವಳ ಕೈಯಿಂದ ಗಂಡು ಹೂ ತೆಗೆದುಕೊಂಡಳು.

"ಮೆಲ್ಲಕ ಬೇ. ರೊಟ್ಟಿ ಬಡ್ಯಾಕತ್ತಿಲ್ಲ ನೀ."

ಅಷ್ಟರಲ್ಲಿ ಅಮೋಘಿ ಸುತ್ತಿಗೆ ಹಿಡಿದು ಬಂದ. "ತಂತಿ ಎಲ್ಲಿಂದ ಹೊಡೀಲಿ?"

ಗುರುಸಿದ್ದವ್ವ ತಲೆ ಎತ್ತಲಿಲ್ಲ. ಹಳದಿ ಪುಡಿ ಮೆತ್ತಿದ ಬೆರಳನ್ನು ಮಡಚಿಕೊಂಡೇ ಸತ್ಯವ್ವನ ಖಾಲಿ ಕೊಡ ತೋರಿಸಿದಳು.

"ಅದನ್ನೊಂದು ತುಂಬ್ಕೊಂಡ ಬರ್ರಿ."