ಸತ್ಯವ್ವನಿಗೆ ಉಣಿಸುವ ರೀತಿ

ಶಿಕ್ಷಕಿ ಕೆಲಸದಿಂದ ನಿವೃತ್ತಿಯಾದ ಮೇಲೆ ಜಾನಕಿಬಾಯಿ ಇಳಕಲ್ಲಿನ ತಮ್ಮ ಮನೆಯ ಪಡಸಾಲೆಯಲ್ಲೇ ಒಂದು ಶಾಲೆ ತೆರೆದಿದ್ದರು. ಬೇರೆ ಶಾಲೆಗಳು ಸೇರಿಸಿಕೊಳ್ಳದ ಹನ್ನೊಂದು ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಪಾಠ ಜಾನಕಿಬಾಯಿಯವರದು, ಮಕ್ಕಳನ್ನು ಎತ್ತುವುದು, ತೊಳೆಯುವುದು, ಉಣಿಸುವುದು ಗುರುಸಿದ್ದವ್ವನದು. ಗಂಡ ಸತ್ತ ಮೇಲೆ ನೇಕಾರರ ಮನೆಗಳಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಿ ಹೊಟ್ಟೆ ಹೊರೆಯುತ್ತಿದ್ದ ಆಕೆಯನ್ನು ಜಾನಕಿಬಾಯಿಯೇ ಕರೆತಂದಿದ್ದರು.

ಆ ಮಕ್ಕಳಲ್ಲಿ ಆರು ವರ್ಷದ ಸತ್ಯವ್ವನೆಂದರೆ ಗುರುಸಿದ್ದವ್ವನಿಗೆ ಜೀವ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಹುಡುಗಿಯ ಕೈಕಾಲು ಸೆಟೆದಿದ್ದವು, ಕತ್ತು ನಿಲ್ಲುತ್ತಿರಲಿಲ್ಲ. ಗುರುಸಿದ್ದವ್ವ ಅವಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಮಜ್ಜಿಗೆ ಅನ್ನ ಕಿವುಚಿ ಬಾಯಿಗೆ ಬಿಡುತ್ತಿದ್ದಳು. ಹುಡುಗಿ ಬೇರೆ ಯಾರ ಕೈಯಲ್ಲೂ ಸರಿಯಾಗಿ ಉಣ್ಣುತ್ತಿರಲಿಲ್ಲ. ತಿಂಗಳಿಗೊಮ್ಮೆ ಕೆಮ್ಮು, ಜ್ವರ. ಹುಡುಗಿಯ ಎದೆಯೇ ನಾಜೂಕು ಎಂದು ಎಲ್ಲರೂ ತಿಳಿದಿದ್ದರು.

೧೯೮೧ ಅಂತರರಾಷ್ಟ್ರೀಯ ಅಂಗವಿಕಲರ ವರ್ಷ. ಜಾನಕಿಬಾಯಿ ಎರಡು ವರ್ಷದಿಂದ ಹಾಕುತ್ತಿದ್ದ ಅರ್ಜಿಗೆ ಕೊನೆಗೂ ಉತ್ತರ ಬಂತು. ಶಾಲೆಯ ಒಬ್ಬ ಸಹಾಯಕಿಗೆ ಧಾರವಾಡದಲ್ಲಿ ನಾಲ್ಕು ತಿಂಗಳ ತರಬೇತಿ. ಊಟ, ವಸತಿ, ಭತ್ಯೆ ಎಲ್ಲಾ ಅನುದಾನದಿಂದ. ಒಪ್ಪಿಗೆಯಿಲ್ಲದೆ ಒಂದು ದಿನ ತಪ್ಪಿಸಿದರೂ ಅನುದಾನ ರದ್ದು ಎಂಬ ಷರತ್ತಿತ್ತು.

"ನಾ ಹ್ವಾದ್ರ ಸತ್ಯವ್ವಗ ಯಾರ ಉಣಸ್ತಾರ್ರಿ ಅಕ್ಕೋರ?" ಎಂದಳು ಗುರುಸಿದ್ದವ್ವ.

"ಅವರವ್ವ ಇದ್ದಾಳಲ್ಲ, ಆಕಿಗೆ ಕಲಸು."

ತಾಯಿ ಬಸಲಿಂಗವ್ವ ಮಗಳನ್ನು ಬಾಗಿಲಲ್ಲಿ ಬಿಟ್ಟು, ಯಾರ ಮುಖವನ್ನೂ ನೋಡದೆ ಹೋಗುವ ಹೆಂಗಸು. ಉಣಿಸಲು ಕುಳಿತರೆ ಅವಳ ಕೈ ನಡುಗುತ್ತಿತ್ತು. ಗುರುಸಿದ್ದವ್ವ ಒಂದು ವಾರ ಪಕ್ಕದಲ್ಲೇ ಕುಳಿತು, ತೊಡೆಯ ಮೇಲೆ ಮಲಗಿಸಿ ಉಣಿಸುವುದನ್ನು ಕಲಿಸಿ, ಧಾರವಾಡದ ಬಸ್ಸು ಹತ್ತಿದಳು.

ಮೂರನೆಯ ವಾರ, ಗುರುವಾರದ ತರಗತಿ. ಪಾಠ ಹೇಳುತ್ತಿದ್ದ ಸುಲಭಾಬಾಯಿ ಒಂದು ಬಟ್ಟೆಯ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ಕತ್ತ ನಿಲ್ಲದ ಮಕ್ಕಳಿಗೆ ಮಲಗಿಸಿ ಉಣಸಬ್ಯಾಡ್ರಿ. ಅನ್ನ ಶ್ವಾಸದ ದಾರೀಗೆ ಹೋಗತದ. ಕೆಮ್ಮು, ಜ್ವರ ಬರತಾವ. ಒಮ್ಮೊಮ್ಮೆ ಜೀವಾನ ಹೋಗತದ. ಕೂಡಿಸಿ, ತಲಿ ತುಸು ಮುಂದ ಬಾಗಿಸಿ ಉಣಸಬೇಕು."

ಗುರುಸಿದ್ದವ್ವನ ಕಿವಿಗೆ ಆಮೇಲಿನದೇನೂ ಬೀಳಲಿಲ್ಲ. ಮೂರು ವರ್ಷ ತಾನು ಸತ್ಯವ್ವನಿಗೆ ಮಲಗಿಸಿಯೇ ಉಣಿಸಿದ್ದಳು! ಈಗ ಅದನ್ನೇ ತಾಯಿಗೂ ಕಲಿಸಿ ಬಂದಿದ್ದಳು.

ಸಂಜೆ ಹಾಸ್ಟೆಲಿನ ವಾರ್ಡನ್ ಬಳಿ ರಜೆ ಕೇಳಿದಳು. "ಶನಿವಾರ ಪರೀಕ್ಷಾ ಅದ, ರಜಾ ಇಲ್ಲ. ಕಾಗದ ಹಾಕು" ಎಂದರು ಆಕೆ.

"ಕಾಗದ ಮುಟ್ಟೂದ್ರಾಗ ಎಷ್ಟ ಊಟ ಆಗತಾವ್ರಿ? ಇದು ಬರದು ತಿಳಸೂದಲ್ಲ, ಕೈಲೇ ತೋರಸೂದು."

ವಾರ್ಡನ್ ಒಪ್ಪಲಿಲ್ಲ. ಶುಕ್ರವಾರ ಬೆಳಗಾಗುತ್ತಲೇ ಗುರುಸಿದ್ದವ್ವ ಹೇಳದೆ ಹೊರಟುಬಿಟ್ಟಳು. ಗದಗಿನಲ್ಲಿ ಬಸ್ಸು ಬದಲಿಸಿ ಇಳಕಲ್ಲು ಸೇರಿದಾಗ ಮಧ್ಯಾಹ್ನವಾಗಿತ್ತು. ಊಟದ ಹೊತ್ತಿಗೆ ತಾಯಿ ಮಗಳನ್ನು ಮನೆಗೆ ಒಯ್ಯುತ್ತಾಳೆಂದು ತಿಳಿದಿದ್ದರಿಂದ ನೇರ ಬಸಲಿಂಗವ್ವನ ಮನೆಗೇ ಹೋದಳು. ತಾಯಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಲಿಸಿದ ಹಾಗೆಯೇ ಉಣಿಸುತ್ತಿದ್ದಳು. ಕೈ ಈಗ ನಡುಗುತ್ತಿರಲಿಲ್ಲ.

"ತಡಿಯವ್ವಾ, ಎಬ್ಬಸು ಆಕೀನ!"

ಗುರುಸಿದ್ದವ್ವ ಎಲ್ಲವನ್ನೂ ಹೇಳಿದಳು. "ತಪ್ಪು ನಂದವ್ವ. ಮೂರ ವರ್ಷ ನಾನ ಈ ಕೂಸಿಗೆ ಜಡ್ಡು ಹಚ್ಚೀನಿ."

ಬಸಲಿಂಗವ್ವ ಮಗಳನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡಳು. ಮಗಳ ಬಾಯಿ ಒರೆಸಿದಳು.

"ನಾ ಹೆತ್ತಾಕಿ, ಮುಟ್ಟಾಕೂ ಅಂಜತಿದ್ದೆ. ನೀ ಉಣಸದಿದ್ರ ಆಕಿ ಎಲ್ಲಿ ಉಳೀತಿದ್ಲು?" ಎಂದಳು. "ಈಗ ಹೆಂಗಂತ ತೋರಸು."

ಇಬ್ಬರೂ ಸೇರಿ ಹುಡುಗಿಯನ್ನು ಗೋಡೆಯ ಮೂಲೆಗೆ ಕೂರಿಸಿ, ಎರಡೂ ಬದಿಗೆ ಕೌದಿ ಸುತ್ತಿಟ್ಟು, ಹಣೆಗೆ ಅಂಗೈ ಆನಿಸಿ ಹಿಡಿದರು. ಸತ್ಯವ್ವ ಅತ್ತಳು, ಉಗುಳಿದಳು, ಅರ್ಧ ಅನ್ನ ಅಂಗಿಯ ಮೇಲೇ ಬಿತ್ತು. ಒಂದು ಬಟ್ಟಲು ಮುಗಿಯಲು ಒಂದು ತಾಸು ಹಿಡಿಯಿತು. ಆದರೆ ಕೆಮ್ಮಲಿಲ್ಲ. ಭಾನುವಾರದವರೆಗೆ ಗುರುಸಿದ್ದವ್ವ ಅಲ್ಲೇ ಉಳಿದು, ತಾಯಿಯ ಕೈಯಿಂದಲೇ ಪ್ರತಿ ಊಟವನ್ನೂ ಮಾಡಿಸಿದಳು.

ಸೋಮವಾರ ಸುಲಭಾಬಾಯಿ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕರೆಸಿದರು. ಎರಡು ದಿನ ಗೈರು ಎಂದು ವಾರ್ಡನ್ ಬರೆದಾಗಿತ್ತು. ಗುರುಸಿದ್ದವ್ವ ನಡೆದದ್ದನ್ನು ಹೇಳಿ, "ಕಳಸೂದಿದ್ರ ಕಳಸ್ರಿ" ಎಂದಳು.

"ಕೂಡಿಸಿದಾಗ ಕಾಲ ಸೆಟೀಲಿಲ್ಲೇನು?" ಸುಲಭಾಬಾಯಿ ಕೇಳಿದರು.

"ಸೆಟದ್ವುರಿ. ಮುಂದ ಜಾರತಿದ್ಲು."

"ಮೊಣಕಾಲ ಕೆಳಗ ದಪ್ಪನ್ನ ಅರಿವಿ ಮಡಚಿ ಇಡಬೇಕು. ಇದನ್ನ ಕಾಗದದಾಗ ಬರದು ತಿಳಸಬಹುದು, ಮತ್ತ ಓಡಬ್ಯಾಡ."

ಅಂದೇ ಅವರು ಅನುದಾನದ ಕಚೇರಿಗೆ ಬರೆದರು: ಈಕೆ ಕಲಿತದ್ದನ್ನು ಮರುದಿನವೇ ಒಬ್ಬ ತಾಯಿಗೆ ಕಲಿಸಿದ್ದಾಳೆ, ಆ ದಿನಗಳನ್ನು ತರಬೇತಿಯೆಂದೇ ಎಣಿಸಬೇಕು. ಉತ್ತರಕ್ಕೆ ಮೂರು ವಾರ ಹಿಡಿಯಿತು. ಅಷ್ಟು ದಿನವೂ ಗುರುಸಿದ್ದವ್ವ ಬಟ್ಟೆಯ ಗಂಟು ಬಿಚ್ಚದೆ ಇಟ್ಟಿದ್ದಳು. ಭತ್ಯೆಯಲ್ಲಿ ಎರಡು ದಿನದ್ದು ಕಡಿತವಾಯಿತು, ಅನುದಾನ ಉಳಿಯಿತು.

ಮರುವರ್ಷ ಮತ್ತೊಬ್ಬರಿಗೆಂದು ಕೇಳಿದ ಅನುದಾನ ಬರಲಿಲ್ಲ. ಬಸಲಿಂಗವ್ವ ಮಾತ್ರ ಮಗಳನ್ನು ಬಿಟ್ಟು ಹೋಗುವ ಬದಲು ಶಾಲೆಯಲ್ಲೇ ಉಳಿಯತೊಡಗಿದಳು. ಸತ್ಯವ್ವನಿಗೆ ಆ ಚಳಿಗಾಲದಲ್ಲಿ ಒಂದೇ ಸಲ ಜ್ವರ ಬಂತು. ಅವಳು ಎಂದೂ ನಡೆಯಲಿಲ್ಲ. ಎಂಟನೆಯ ವಯಸ್ಸಿಗೆ ಕತ್ತು ನಿಲ್ಲಿಸಿ ಕೂರಲು ಕಲಿತಳು. ಹೊಟ್ಟೆ ತುಂಬಿದಾಗ ಬಾಯಿ ಬಿಗಿಯಾಗಿ ಮುಚ್ಚಿ, ಎದುರಿದ್ದವರನ್ನು ನೋಡಿ ನಗುತ್ತಿದ್ದಳು.