ಭಾನುವಾರದ ಕರಾರು

ಕರಾರು ಹಾಕಿದ್ದು ಅವಳೇ. ಭಾನುವಾರ ಮಧ್ಯಾಹ್ನ ಬಾ, ಸಂಜೆ ಹೋಗು; ನಿನ್ನ ಮನೆಯ ವಿಷಯ ನನಗೆ ಬೇಡ, ನನ್ನ ಮನೆಯದು ನಿನಗೆ ಬೇಡ. ಜೋಡಿ ಹುಡುಕಿಕೊಡುವ ಫೋನಿನ ಆ್ಯಪ್‌ನಲ್ಲಿ ಪರಿಚಯವಾದವನು, ಲಿಫ್ಟ್ ರಿಪೇರಿ ಮಾಡುವವನು, ತಲೆಯಾಡಿಸಿ ಒಪ್ಪಿದ್ದ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಅವಳದು ಒಂದು ಮದುವೆ, ಆಮೇಲೆ ಎರಡು ಪ್ರೀತಿ, ಬಾಯಿಯೆಲ್ಲ ಬೊಬ್ಬೆ. ನಲವತ್ತೊಂದನೆಯ ವಯಸ್ಸಿನಲ್ಲಿ ಇನ್ನೊಂದು ಅತ್ತೆ, ಇನ್ನೊಬ್ಬ ನಾದಿನಿ, ಅವರೆಲ್ಲರ ಬಿ.ಪಿ. ಮಾತ್ರೆಗಳನ್ನು ನೆನಪಿಟ್ಟುಕೊಳ್ಳುವ ತ್ರಾಣ ಉಳಿದಿರಲಿಲ್ಲ. ಸಂಸಾರವೂ ಅಲ್ಲ, ಸನ್ಯಾಸವೂ ಅಲ್ಲ, ಇದೇನೇ ನಿನ್ನ ಅವತಾರ ಎಂದು ಚಿಕ್ಕಮ್ಮ ಫೋನಿನಲ್ಲಿ ಮೂಗು ಮುರಿಯುತ್ತಿದ್ದಳು. ಆದರೂ ಹದಿನಾಲ್ಕು ತಿಂಗಳು ಎಲ್ಲ ಸುಸೂತ್ರವಾಗಿಯೇ ನಡೆದಿತ್ತು.

ಮಂಗಳವಾರ ಬೆಳಗ್ಗೆ ಅವಳು ಕೆಲಸ ಮಾಡುವ ಫೋಟೋ ಸ್ಟುಡಿಯೋಗೆ ಒಬ್ಬ ಹೆಂಗಸು ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಮಾಸಿದ ಚಿತ್ರ ತಿದ್ದುವುದು, ಮುಚ್ಚಿದ ಕಣ್ಣು ತೆರೆಸುವುದು, ಬೇಡದವರನ್ನು ತೆಗೆದುಹಾಕುವುದು ಅಲ್ಲಿ ಇವಳ ಕಸುಬು. ಶುಕ್ರವಾರ ಅಮ್ಮ ತೀರಿಕೊಂಡರು, ಗೋಡೆಗೆ ಹಾಕಲು ಒಂದು ದೊಡ್ಡ ಫೋಟೋ ಬೇಕು, ಒಬ್ಬರೇ ಇರುವುದು ಹುಡುಕಿದರೂ ಸಿಗಲಿಲ್ಲ, ಇದರಲ್ಲಿ ಪಕ್ಕದಲ್ಲಿರುವ ನನ್ನ ತಮ್ಮನನ್ನು ತೆಗೆದುಬಿಡಿ ಎಂದು ಆಕೆ ಹೇಳಿದಳು. ನಾಳೆ ಸಂಜೆ ಆ ತಮ್ಮನೇ ಬಂದು ತೆಗೆದುಕೊಂಡು ಹೋಗುತ್ತಾನಂತೆ.

ಆಕೆ ಹೋದಮೇಲೆ ಇವಳು ಒಳಗಿನ ಕೋಣೆಯಲ್ಲಿ ಕೂತು ಚಿತ್ರವನ್ನು ಪರದೆಯ ಮೇಲೆ ತೆರೆದಳು. ಕಲ್ಲುಬೆಂಚಿನ ಮೇಲೆ ನಗುತ್ತಿರುವ ಒಬ್ಬ ಮುದುಕಿ. ಅವಳ ಹೆಗಲ ಮೇಲೆ ಕೈಹಾಕಿ ಕುಳಿತವನು ಲಿಫ್ಟಿನವನು.

ಶುಕ್ರವಾರ ತಾಯಿಯನ್ನು ಕಳೆದುಕೊಂಡವನು ಭಾನುವಾರ ಎಂದಿನಂತೆ ಬಂದಿದ್ದ. ಅರ್ಧ ಊಟಕ್ಕೇ ಕೈ ತೊಳೆದು, ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ, ಮೂರು ಗಂಟೆ ನಿದ್ದೆ ಹೊಡೆದಿದ್ದ. ಎದ್ದಾಗ ಇವಳು, ಮುಖ ಗಂಟು ಹಾಕ್ಕೊಂಡು ಬರೋದಾದ್ರೆ ಬರಲೇಬೇಡ, ಇದೇನು ಧರ್ಮಛತ್ರಾನಾ ಎಂದು ಕೇಳಿದ್ದಳು. ಅವನು ತನ್ನ ಲೋಟ ತೊಳೆದಿಟ್ಟು ಹೊರಟಿದ್ದ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಆಮೇಲೆ ಹೇಳದೆ ಹೋದವನ ಮೇಲೆ ಸಿಟ್ಟು ಬಂತು. ಆ ಸಿಟ್ಟಿಗೂ ತನಗೆ ಹಕ್ಕಿಲ್ಲವೆಂದು ಹೊಳೆದಾಗ ಬರೀ ಸುಸ್ತಾಯಿತು.

ಅವನನ್ನು ಅಳಿಸುವುದು ಕಷ್ಟವಾಗಲಿಲ್ಲ, ಹಿಂದೆ ಬರೀ ಗೋಡೆ. ಕಷ್ಟವಾದದ್ದು ಹೆಗಲ ಮೇಲಿನ ಕೈ. ಒಂದೊಂದೇ ಬೆರಳು ತೆಗೆದು, ಆ ಜಾಗಕ್ಕೆ ಪಕ್ಕದ ಬಟ್ಟೆಯ ನೇಯ್ಗೆಯನ್ನು ತಂದು ತುಂಬಬೇಕು. ಉಗುರಿನ ಸಂದಿಯ ಗ್ರೀಸು ಕೂಡ ಕಾಣುತ್ತಿತ್ತು. ಕೈಯ ಭಾರಕ್ಕೆ ಬಟ್ಟೆ ಅಲ್ಲಿ ಕೊಂಚ ತಗ್ಗಿತ್ತು. ಅದನ್ನು ಸರಿಮಾಡಲು ಅವಳಿಗೆ ಅರ್ಧ ದಿನ ಹಿಡಿಯಿತು.

ಬುಧವಾರ ಸಂಜೆ ಹೊರಗಡೆ ಅವನ ದನಿ ಕೇಳಿತು. ಒಳಗೇ ಕೂತಿದ್ದರೆ ಸ್ಟುಡಿಯೋದ ಯಜಮಾನರೇ ಫೋಟೋ ಕೊಟ್ಟು ಕಳಿಸುತ್ತಿದ್ದರು. ಭಾನುವಾರ ಅವನು ಬರುತ್ತಿದ್ದ, ಏನೂ ಕೆಡುತ್ತಿರಲಿಲ್ಲ. ಎದ್ದುಹೋದರೆ ಹದಿನಾಲ್ಕು ತಿಂಗಳ ನೆಮ್ಮದಿಗೆ ಕಲ್ಲು ಬೀಳುವುದು ಖಂಡಿತ. ಗೊತ್ತಿದ್ದೂ ಎದ್ದಳು. ಚೌಕಟ್ಟು ಹಾಕಿದ ಫೋಟೋವನ್ನು ತಾನೇ ತಂದು ಅವನ ಕೈಗಿಟ್ಟಳು. ಅವನು ಮೊದಲು ತಾಯಿಯನ್ನು ನೋಡಿದ, ಆಮೇಲೆ ಇವಳನ್ನು. ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು.

"ನನಗ್ಯಾಕೆ ಹೇಳಲಿಲ್ಲ?"

"ನೀನೇ ಬೇಡ ಅಂದಿದ್ಯಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಆ ಕರಾರು ಇಂಥದ್ದಕ್ಕೆಲ್ಲ ಅಲ್ಲ, ಭಾನುವಾರ ಅಂದದ್ದನ್ನು ಹೊಟ್ಟೆಗೆ ಹಾಕಿಕೋ, ಇವತ್ತೇ ಬಾ, ಯಾವ ದಿನ ಬೇಕಾದರೂ ಬಾ, ಅಮ್ಮನ ಬಗ್ಗೆ ಹೇಳು, ಕೇಳುತ್ತೇನೆ ಎಂದಳು. ಅಷ್ಟು ಮಾತನ್ನು ಅವಳು ಅವನೊಡನೆ ಒಂದೇ ಉಸಿರಿಗೆ ಎಂದೂ ಆಡಿರಲಿಲ್ಲ. ಅವನು ಫೋಟೋವನ್ನು ಎದೆಗೊತ್ತಿಕೊಂಡು ಎಲ್ಲ ಕೇಳಿಸಿಕೊಂಡ, ಆಮೇಲೆ ಹೇಳಿದ.

"ಎಲ್ಲಿ ಹೋದ್ರೂ ಹೇಗಾಯ್ತು, ಎಷ್ಟು ಹೊತ್ತಿಗಾಯ್ತು, ಅದೇ ಮಾತು. ನಿನ್ನ ಮನೆ ಒಂದ್ರಲ್ಲಿ ಮಾತ್ರ ಅಮ್ಮ ಇನ್ನೂ ಸತ್ತಿರಲಿಲ್ಲ. ನೀನು ಬೈದಾಗ್ಲೂ ಹಾಯಾಗೇ ಇತ್ತು. ಇನ್ನು ಅಲ್ಲೂ ಸತ್ತಳು."

ಒಳ್ಳೆಯದಾಗಲೆಂದು ತಾನು ಆಡಿದ ಮಾತೇ ಅವನಿಗಿದ್ದ ಒಂದು ಜಾಗವನ್ನೂ ಕಿತ್ತುಕೊಂಡಿತ್ತು. ಆದರೂ ಬಿಡಲು ಮನಸ್ಸಾಗಲಿಲ್ಲ.

"ಭಾನುವಾರ ಬಾ."

"ಬಂದ್ರೆ ಏನಾಗಿ ಬರ್ಲಿ?"

ಅವನು ಚುಚ್ಚಲು ಕೇಳಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದ. ಅವಳು ಒಂದು ಪದ ಹುಡುಕಿದಳು. ಒಂದು ತೀರಾ ದೊಡ್ಡದೆನಿಸಿತು, ಇನ್ನೊಂದು ತೀರಾ ಸಣ್ಣದು. ಅಷ್ಟರಲ್ಲಿ ಬಸ್ಸು ಬಂತು. ಜನ ನೂಕಾಡುತ್ತಿದ್ದರು. ಅವನು ಫೋಟೋವನ್ನು ತಲೆಯ ಮೇಲೆ ಎತ್ತಿ ಹಿಡಿದು ಹತ್ತಿದ, ಅವಳು ಇನ್ನೂ ಯೋಚಿಸುತ್ತಲೇ ನಿಂತಿದ್ದಳು.